ಶೂ ಕಟ್ಟುವ ಮುನ್ನ ಮಾತ್ರೆಯ ಹೆಸರು ನೋಡಿ

‘ಉರಿಮೂತ್ರಕ್ಕೆ ಮಾತ್ರೆ ಶುರು ಮಾಡಿದ್ದೀನಿ, ಬೆಳಗಿನ ವಾಕಿಂಗ್ ಬಿಡಬೇಕಾ ಡಾಕ್ಟ್ರೇ?’ ಎಂಬ ಪ್ರಶ್ನೆ ಬರುವುದು ಸಾಮಾನ್ಯವಾಗಿ ಕೊನೆಗೆ, ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡು ಕುರ್ಚಿಯಿಂದ ಎದ್ದ ಮೇಲೆ. ಅಷ್ಟು ಹೊತ್ತಿಗೆ ಮುಂದಿನ ರೋಗಿ ಬಾಗಿಲು ತಳ್ಳುತ್ತಿರುತ್ತಾರೆ. ‘ನಾಲ್ಕು ದಿನ ರೆಸ್ಟ್ ತಗೊಳ್ಳಿ’ ಎಂದು ಹೇಳಿಬಿಡುವುದು ಸುಲಭ. ಆ ಮಾತು ಮನೆ ತಲುಪಿದ ಮೇಲೆ ವಾಕಿಂಗ್ ನಿಲ್ಲುತ್ತದೆ. ಬಕೆಟ್ ಎತ್ತುವುದು, ನೆಲ ಒರೆಸುವುದು, ಗ್ಯಾಸ್ ಸಿಲಿಂಡರ್ ಉರುಳಿಸುವುದು ನಿಲ್ಲುವುದಿಲ್ಲ. ಬೆವರು ಸುರಿಯುವುದು ಎರಡರಲ್ಲೂ ಒಂದೇ. ಆದರೆ ಒಂದು ವ್ಯಾಯಾಮ, ಇನ್ನೊಂದು ಲೆಕ್ಕಕ್ಕೇ ಇಲ್ಲದ ಮನೆಗೆಲಸ. ಆದ್ದರಿಂದ ಯಾರಿಗೆ ರೆಸ್ಟ್, ಎಷ್ಟು ದಿನ, ಯಾವುದರಿಂದ ಎಂದು ಬಿಡಿಸಿ ಹೇಳುವುದು ವಾಸಿ.

ಸೋಂಕು ಎಲ್ಲಿದೆ ಎಂಬುದು ಮೊದಲು ತಿಳಿಯಬೇಕು. ಬಹುಪಾಲು ಸಂದರ್ಭಗಳಲ್ಲಿ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ನಮ್ಮದೇ ಕರುಳಿನಲ್ಲಿ ಯಾರಿಗೂ ತೊಂದರೆ ಕೊಡದೆ ಬದುಕಿರುವ ಈ ಜೀವಿ ಮೂತ್ರದ್ವಾರ ದಾಟಿ ಒಳಗೆ ಹೋದಾಗ ಕಾಟ ಕೊಡುತ್ತದೆ. ಮೂತ್ರ ಹೊರಬರುವ ನಾಳದ ಉದ್ದ ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20. ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುವುದಕ್ಕೆ ದೇಹದ ಈ ರಚನೆಯೇ ಮುಖ್ಯ ಕಾರಣ. ಸ್ವಚ್ಛವಾಗಿರದವರಿಗೆ ಬರುವ ಕಾಯಿಲೆ ಎಂಬ ಪಿಸುಮಾತನ್ನು ಬದಿಗಿಡಿ. ಎಷ್ಟೋ ಮಂದಿ ಆ ನಾಚಿಕೆಗೇ ವಾರಗಟ್ಟಲೆ ಬಾಯಿ ಬಿಡದೆ, ಕೆಳಗಿದ್ದ ಸೋಂಕು ಕಿಡ್ನಿಗೆ ಏರಿದ ಮೇಲೆ ಆಸ್ಪತ್ರೆಗೆ ಬರುತ್ತಾರೆ.

ಹೆಚ್ಚಿನವರಲ್ಲಿ ಸೋಂಕು ಮೂತ್ರಚೀಲದಲ್ಲೇ ನಿಲ್ಲುತ್ತದೆ. ಉರಿ, ಮತ್ತೆ ಮತ್ತೆ ಹೋಗಬೇಕೆನ್ನಿಸುವುದು, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆಯಲ್ಲಿ ಹಿಡಿದಂಥ ನೋವು, ಮೂತ್ರ ಕದಡಿದ ಬಣ್ಣ. ಜ್ವರ ಇರುವುದಿಲ್ಲ. ಅದೇ ಸೋಂಕು ಮೇಲೇರಿ ಕಿಡ್ನಿ ತಲುಪಿದರೆ ಚಳಿ ನಡುಕದ ಜ್ವರ, ಬೆನ್ನಿನಲ್ಲಿ ಪಕ್ಕೆಲುಬಿನ ಕೆಳಗೆ ಒಂದು ಬದಿಗೆ ನೋವು, ವಾಂತಿ. ವ್ಯಾಯಾಮದ ಮಟ್ಟಿಗೆ ಇವೆರಡನ್ನೂ ಬೇರೆ ಬೇರೆ ಕಾಯಿಲೆಗಳೆಂದೇ ತಿಳಿಯಬೇಕು. ಒಂದರ ಸಲಹೆಯನ್ನು ಇನ್ನೊಂದಕ್ಕೆ ಹಚ್ಚಿದರೆ ಒಬ್ಬರು ಸುಮ್ಮನೆ ಮಂಚದ ಮೇಲೆ ಮಲಗುತ್ತಾರೆ, ಇನ್ನೊಬ್ಬರು ಐಸಿಯು ಸೇರುತ್ತಾರೆ.

ಮೂತ್ರಚೀಲದ ಸೋಂಕಷ್ಟೇ ಇದ್ದು ಜ್ವರ ಇಲ್ಲದಿದ್ದರೆ ನಡೆಯಲು ಅಡ್ಡಿಯಿಲ್ಲ. ಮಾತ್ರೆ ಶುರುವಾದ ದಿನವೇ ಇಪ್ಪತ್ತು ಮೂವತ್ತು ನಿಮಿಷ ನಿಧಾನವಾಗಿ ನಡೆಯಬಹುದು. ಓಡಾಡಿದರೆ ಸೋಂಕು ಅಲುಗಾಡಿ ಮೇಲೆ ಹೋಗುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಇ. ಕೋಲಿ ಹಾಗೆ ಏರುವುದಿಲ್ಲ. ಅದರ ಮೈಮೇಲೆ ಒಳಪದರವನ್ನು ಕಚ್ಚಿ ಹಿಡಿಯುವ ಕೂದಲಿನಂಥ ಎಳೆಗಳಿವೆ, ಈಜಲು ಬಾಲಗಳಿವೆ. ನೀವು ಮಲಗಿದ್ದರೂ ಅದು ಏರಬಲ್ಲದು, ನೀವು ನಡೆದ ಮಾತ್ರಕ್ಕೆ ಅದಕ್ಕೆ ಹೆಚ್ಚಿನ ಬಲವೇನೂ ಬರುವುದಿಲ್ಲ. ಅದನ್ನು ತಡೆಯುವುದು ಸರಿಯಾದ ಔಷಧ ಮತ್ತು ತುಂಬಿ ಹರಿಯುವ ಮೂತ್ರ. ಮಾತ್ರೆ ಸರಿಯಾಗಿದ್ದರೆ ಒಂದೆರಡು ದಿನಗಳಲ್ಲಿ ಉರಿ ತಗ್ಗುತ್ತದೆ. ಆಮೇಲೆ ದಿನನಿತ್ಯದ ವ್ಯಾಯಾಮಕ್ಕೆ ಮರಳಬಹುದು.

ಅಲ್ಲಿಯವರೆಗೆ ಬಿಡಬೇಕಾದದ್ದು ಹಗ್ಗದಾಟ, ಜಿಗಿತ, ಭಾರ ಎತ್ತುವುದು, ಹೊಟ್ಟೆ ಬಿಗಿಹಿಡಿದು ಮಾಡುವ ಕಸರತ್ತು. ಊದಿಕೊಂಡ ಮೂತ್ರಚೀಲದ ಮೇಲೆ ಹೊಟ್ಟೆಯ ಒತ್ತಡ ಬಿದ್ದರೆ ನೋವು ಹೆಚ್ಚುತ್ತದೆ, ಹೆರಿಗೆಯಾದವರಲ್ಲಿ ಹನಿ ಸೋರುವುದೂ ಉಂಟು. ಸೋಂಕು ಇದರಿಂದ ಉಲ್ಬಣಿಸುವುದಿಲ್ಲ, ಹಿಂಸೆಯಾಗುತ್ತದೆ ಅಷ್ಟೆ. ಹಿಂಸೆಪಟ್ಟು ಮಾಡುವ ವ್ಯಾಯಾಮದಿಂದ ಆಗಬೇಕಾದದ್ದು ಏನೂ ಇಲ್ಲ. ತುಂಬಿದ ಬಕೆಟ್ಟಿಗೂ ಇದೇ ನಿಯಮ ಎಂಬುದನ್ನು ಮನೆಮಂದಿ ಓದಿಕೊಳ್ಳಲಿ.

ಕಿಡ್ನಿಗೆ ಏರಿದ್ದರೆ ಮಾತೇ ಬೇರೆ. ಜ್ವರದ ಮೈಯಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ನಾಡಿ ಬಡಿತ ನಿಮಿಷಕ್ಕೆ ಹತ್ತರ ಆಸುಪಾಸು ಹೆಚ್ಚುತ್ತದೆ. ಸುಮ್ಮನೆ ಮಲಗಿದ್ದಾಗಲೇ ಹೃದಯ ದುಡಿಯುತ್ತಿರುತ್ತದೆ. ವಾಂತಿಯಿಂದ ನೀರು ಹೋಗಿರುತ್ತದೆ, ಊಟ ಸೇರಿರುವುದಿಲ್ಲ. ಇದರ ಮೇಲೆ ಬೆವರಿಳಿಸಿದರೆ ರಕ್ತದೊತ್ತಡ ಕುಸಿಯಬಹುದು. ರಕ್ತಕ್ಕೆ ಸೋಂಕು ಸೇರುವ ಅಪಾಯವಿರುವ ದಿನಗಳೂ ಇವೇ. ಸರಿಯಾದ ಔಷಧ ಕೊಟ್ಟರೂ ಜ್ವರ ಇಳಿಯಲು ಎರಡು ಮೂರು ದಿನ ಬೇಕಾಗುತ್ತದೆ. ಅಷ್ಟರಲ್ಲೂ ಇಳಿಯದಿದ್ದರೆ ಮತ್ತೆ ವೈದ್ಯರ ಬಳಿ ಹೋಗಲೇಬೇಕು. ಕಲ್ಲು ಅಡ್ಡವಿರಬಹುದು, ಔಷಧ ನಾಟದಿರಬಹುದು. ಜ್ವರ ಇಳಿದಿದೆ ಎನ್ನುವಾಗಲೂ ಒಂದು ಎಚ್ಚರ ಬೇಕು. ಪ್ಯಾರಾಸಿಟಮಾಲ್ ನುಂಗಿದ ಮೇಲೆ ಥರ್ಮಾಮೀಟರು 98.6 ತೋರಿಸಿದರೆ ಅದು ಮಾತ್ರೆಯ ಲೆಕ್ಕ, ನಿಮ್ಮ ಮೈಯ ಲೆಕ್ಕ ಅಲ್ಲ. ಆ ಮಾತ್ರೆ ಇಲ್ಲದೆ ಎರಡು ದಿನ ಜ್ವರ ಸುಳಿಯದಿದ್ದರೆ ಮನೆಯೊಳಗೆ, ಅಂಗಳದಲ್ಲಿ ಓಡಾಡಲು ಶುರು ಮಾಡಿ. ಮುಂದಿನ ವಾರ ಹಿಂದೆ ಮಾಡುತ್ತಿದ್ದುದರ ಅರ್ಧ. ಸುಸ್ತು ಒಂದೆರಡು ವಾರ ಉಳಿಯುವುದು ಸಹಜ, ಅದನ್ನು ಹಠ ಹಿಡಿದು ಓಡಿಸಲು ಹೋಗಬೇಡಿ.

ಬಿಡುವು ಸಿಕ್ಕರೆ ಇಷ್ಟನ್ನು ಬಹುತೇಕ ವೈದ್ಯರು ಹೇಳುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಹೇಳದೆ ಉಳಿಯುವುದು ಮಾತ್ರೆಯ ವಿಷಯ. ವ್ಯಾಯಾಮ ಮಾಡುವವರಿಗೆ ಕಾಯಿಲೆಗಿಂತ ಔಷಧವೇ ಹೆಚ್ಚು ತೊಂದರೆ ಕೊಡುವ ಸಂದರ್ಭಗಳಿವೆ. ನಿಮ್ಮ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಅಥವಾ ಆಫ್ಲಾಕ್ಸಸಿನ್ ಎಂದಿದೆಯೇ ನೋಡಿ. ಮೂರೂ ಒಂದೇ ಕುಟುಂಬ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಗಟ್ಟಿ ಎಳೆಗಳನ್ನು, ಅದರಲ್ಲೂ ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ದಪ್ಪ ಸ್ನಾಯುರಜ್ಜುವನ್ನು, ಈ ಔಷಧಗಳು ದುರ್ಬಲಗೊಳಿಸಬಲ್ಲವು. ಅಲ್ಲಿ ಊತ, ನೋವು ಬರಬಹುದು. ಅಪರೂಪಕ್ಕೆ ಕಿತ್ತೇ ಹೋಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಈ ಔಷಧಗಳ ಮೇಲೆ ಅತ್ಯಂತ ಕಠಿಣ ಎಚ್ಚರಿಕೆಯ ಚೌಕಟ್ಟು ಹಾಕಿಸಿತು. 2016ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾಮಾನ್ಯ ಮೂತ್ರಚೀಲದ ಸೋಂಕಿಗೆ ಬೇರೆ ದಾರಿ ಇದ್ದಾಗ ಇವನ್ನು ಬಳಸಬೇಡಿ ಎಂದಿತು. ನಮ್ಮಲ್ಲಿ ಇಂದಿಗೂ ‘ಯೂರಿನ್ ಇನ್ಫೆಕ್ಷನ್ನಿಗೆ ಏನಾದ್ರೂ ಕೊಡಿ’ ಎಂದರೆ ಚೀಟಿ ಇಲ್ಲದೆಯೂ ಕೈಗೆ ಬರುವುದು ಹೆಚ್ಚಾಗಿ ಇದೇ ಕುಟುಂಬ.

ಅರವತ್ತು ದಾಟಿದವರು, ಆಸ್ತಮಾಕ್ಕೋ ಸಂಧಿವಾತಕ್ಕೋ ಸ್ಟೀರಾಯ್ಡ್ ನುಂಗುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಹೆಚ್ಚು ಜೋಪಾನವಾಗಿರಬೇಕು. ತೊಂದರೆ ಮೊದಲ ಮಾತ್ರೆಯಾಗಿ ಕೆಲವು ಗಂಟೆಗಳಲ್ಲೇ ಕಾಣಿಸಬಹುದು, ಮಾತ್ರೆ ಮುಗಿದು ತಿಂಗಳುಗಳಾದ ಮೇಲೂ ಕಾಣಿಸಬಹುದು. ಹಿಮ್ಮಡಿಯ ಮೇಲೆ ಹೊಸದಾಗಿ ನೋವು ಬಂದರೆ ‘ಶೂ ಕಚ್ಚಿರಬೇಕು’ ಎಂದುಕೊಳ್ಳದೆ ಮಾತ್ರೆಯನ್ನೂ ವ್ಯಾಯಾಮವನ್ನೂ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವುದನ್ನೇ ವ್ಯಾಯಾಮ ಮಾಡಿಕೊಂಡ ಹಿರಿಯರು ಬಹಳ ಮಂದಿ ಇದ್ದಾರೆ. ಮೆಟ್ಟಿಲು ಹತ್ತುವಾಗಲೂ ಇಳಿಯುವಾಗಲೂ ಆ ರಜ್ಜುವಿನ ಮೇಲೆ ಹೆಚ್ಚು ಭಾರ ಬೀಳುತ್ತದೆ. ಸಿಪ್ರೊ ನುಂಗುವ ದಿನಗಳಲ್ಲೂ ಆಮೇಲಿನ ಕೆಲವು ವಾರಗಳಲ್ಲೂ ಬೆಟ್ಟ ಬಿಟ್ಟು ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ಸಮತಟ್ಟು ದಾರಿ ಹಿಡಿದರೆ ದೇವಿಯೇನೂ ಮುನಿಸಿಕೊಳ್ಳಲಾರಳು.

ಇದೇ ಸಿಪ್ರೊಗೂ ನಮ್ಮ ಫಿಲ್ಟರ್ ಕಾಫಿಗೂ ಆಗಿಬರುವುದಿಲ್ಲ. ಕೆಫೀನನ್ನು ಒಡೆದು ಹೊರಹಾಕುವ ಯಕೃತ್ತಿನ ಕೆಲಸಕ್ಕೆ ಈ ಔಷಧ ತಡೆ ಹಾಕುತ್ತದೆ. ಬೆಳಗ್ಗೆ ಕುಡಿದ ಕಾಫಿ ಎಂದಿಗಿಂತ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ದೆ ಬಾರದು. ಕಾಫಿ ಕುಡಿದೇ ವಾಕಿಂಗ್ ಹೊರಡುವವರು ಇದನ್ನು ಕಾಯಿಲೆಯ ಸುಸ್ತು ಎಂದು ತಿಳಿದು ಗಾಬರಿಯಾಗುತ್ತಾರೆ. ಹಾಲು ಮೊಸರಿನ ಜೊತೆ ನುಂಗಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ದಿಢೀರನೆ ಇಳಿಯಬಹುದು. ಅಂಥವರು ಖಾಲಿ ಹೊಟ್ಟೆಯಲ್ಲಿ ನಡೆಯಲು ಹೋಗಕೂಡದು. ಇಷ್ಟೆಲ್ಲ ಸಹಿಸಿಕೊಂಡರೂ ಫಲ ಸಿಗುವ ಖಾತ್ರಿ ಇಲ್ಲ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗುವ ಇ. ಕೋಲಿಯ ದೊಡ್ಡ ಪಾಲು ಈ ಔಷಧಗಳಿಗೆ ಬಗ್ಗುವುದಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಾರ್ಷಿಕ ವರದಿಗಳು ಹೇಳುತ್ತಲೇ ಬಂದಿವೆ. ಸಾಧ್ಯವಿದ್ದರೆ ಮಾತ್ರೆ ಶುರು ಮಾಡುವ ಮುನ್ನವೇ ಮೂತ್ರದ ಕಲ್ಚರ್ ಪರೀಕ್ಷೆಗೆ ಕೊಡಿ ಎನ್ನುವುದು ಇದಕ್ಕೇ.

ಮೂತ್ರಚೀಲದ ಸೋಂಕಿಗೆ ಈಗ ಹೆಚ್ಚಾಗಿ ಮೊದಲು ಬರೆಯುವುದು ನೈಟ್ರೊಫ್ಯುರಾಂಟೊಯಿನ್, ಸಾಮಾನ್ಯವಾಗಿ ಐದು ದಿನ. ವ್ಯಾಯಾಮ ಮಾಡುವವರಿಗೆ ಇದು ಎಷ್ಟೋ ವಾಸಿ. ಊಟದ ಜೊತೆ ತೆಗೆದುಕೊಳ್ಳದಿದ್ದರೆ ಹೊಟ್ಟೆ ತೊಳಸುತ್ತದೆ. ಮೂತ್ರ ಕಡು ಹಳದಿ, ಕೆಲವರಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಹೆದರಬೇಕಿಲ್ಲ. ಅಪರೂಪಕ್ಕೆ ಶ್ವಾಸಕೋಶ ಈ ಔಷಧಕ್ಕೆ ಮುನಿಯುವುದುಂಟು. ಮಾತ್ರೆ ಶುರುವಾದ ಮೇಲೆ ಒಣಕೆಮ್ಮು, ಜ್ವರ, ಎಂದಿನ ಮೆಟ್ಟಿಲು ಹತ್ತಿದರೂ ಏದುಸಿರು ಬಂದರೆ ‘ಸೋಂಕಿನ ನಿತ್ರಾಣ’ ಎಂದು ತಳ್ಳಿಹಾಕಬೇಡಿ. ಮೂತ್ರ ಆಮ್ಲೀಯವಾಗಿದ್ದರೆ ಈ ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಿದ್ದೂ ಉರಿ ಶಮನಕ್ಕೆಂದು ಮೂತ್ರವನ್ನು ಕ್ಷಾರೀಯ ಮಾಡುವ ಸಿಟ್ರೇಟ್ ಸಿರಪ್ಪನ್ನೂ ಅದೇ ಚೀಟಿಯಲ್ಲಿ ಬರೆಯುವ ರೂಢಿ ನಮ್ಮಲ್ಲಿದೆ. ಎರಡೂ ಬೇಕೇ ಎಂದು ಕೇಳಲು ಸಂಕೋಚ ಬೇಡ. ಒಂದೇ ಸಲ ನೀರಿಗೆ ಹಾಕಿ ಕುಡಿಯುವ 3 ಗ್ರಾಂ ಫಾಸ್ಫೊಮೈಸಿನ್ ಪುಡಿ ಇನ್ನೊಂದು ದಾರಿ. ಅದರಲ್ಲಿ ಹೊಟ್ಟೆ ಸ್ವಲ್ಪ ಕೆಡಬಹುದು, ಬೇರೆ ಅಡ್ಡಿ ಕಡಿಮೆ.

ಟ್ರೈಮೆಥೊಪ್ರಿಮ್ ಮತ್ತು ಸಲ್ಫಾ ಸೇರಿದ ಹಳೆಯ ಮಾತ್ರೆಯಲ್ಲಿ ನಮ್ಮ ಊರುಗಳಿಗೇ ವಿಶೇಷವಾದ ಒಂದು ಸಿಕ್ಕು ಇದೆ. ಅದು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ. ಬಿಪಿಗೆ ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ನುಂಗುವವರಲ್ಲಿ ಅವೂ ಅದನ್ನೇ ಮಾಡುತ್ತವೆ. ಇದರ ಮೇಲೆ ಉರಿಮೂತ್ರ ಎಂದ ಕೂಡಲೇ ಮನೆಯವರು ತಂದುಕೊಡುವುದು ಎಳನೀರು, ಅದೂ ಪೊಟ್ಯಾಸಿಯಂ ತುಂಬಿದ್ದು. ಆರೋಗ್ಯವಂತ ತರುಣಿಗೆ ಎಳನೀರು ಒಳ್ಳೆಯದೇ. ಕಿಡ್ನಿ ಸ್ವಲ್ಪ ನಿಧಾನವಾಗಿರುವ ಎಪ್ಪತ್ತರ ಅಜ್ಜಿಗೆ ಈ ಮೂರೂ ಒಟ್ಟಿಗೆ ಸೇರಿದರೆ ಹೃದಯದ ಲಯವೇ ತಪ್ಪಬಹುದು. ‘ಮೈಗೆ ಉಷ್ಣ ಆಗಿದೆ’ ಎಂಬ ಮನೆಯ ನಿರ್ಣಯಕ್ಕೆ ಬಾರ್ಲಿ ನೀರು, ತೆಳು ಮಜ್ಜಿಗೆ, ಜೀರಿಗೆ ಕುದಿಸಿದ ನೀರು ಸಾಕು. ಇವು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಕುಡಿಯಲು ಒಂದು ನೆಪ ಕೊಡುತ್ತವೆ, ಆ ನೆಪ ಬೆಲೆಬಾಳುವಂಥದ್ದು.

ಏಕೆಂದರೆ ನೀರಿನ ವಿಷಯದಲ್ಲಿ ಪುರಾವೆ ಇದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪದೇ ಪದೇ ಸೋಂಕಾಗುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ ಒಂದೂವರೆ ಲೀಟರು ಹೆಚ್ಚು ನೀರು ಕುಡಿಯಿತು. ವರ್ಷದ ಕೊನೆಗೆ ಹೆಚ್ಚು ಕುಡಿದವರಲ್ಲಿ ಸೋಂಕಿನ ಸರಾಸರಿ 1.7, ಉಳಿದವರಲ್ಲಿ 3.2. ಔಷಧವಿಲ್ಲದೆ ಸೋಂಕು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಇದನ್ನು ವ್ಯಾಯಾಮದ ಜೊತೆ ಇಟ್ಟು ನೋಡಬೇಕು. ಏಪ್ರಿಲ್ ತಿಂಗಳಲ್ಲಿ ಒಂದು ಗಂಟೆ ಬಿರುಸಾಗಿ ನಡೆದರೆ ಕುಡಿದ ನೀರೆಲ್ಲ ಬೆವರಿಗೆ ಹೋಗುತ್ತದೆ, ಮೂತ್ರಕ್ಕೆ ಉಳಿಯುವುದಿಲ್ಲ. ಚೇತರಿಸಿಕೊಳ್ಳುವ ದಿನಗಳಲ್ಲಿ ವ್ಯಾಯಾಮದ ಒಂದು ನಿಜವಾದ ಅಪಾಯ ಇದು. ಬಿಸಿಲೇರುವ ಮುನ್ನ ಮುಗಿಸಿ, ಹೊರಡುವ ಮುನ್ನ ಒಂದು ಲೋಟ, ಬಂದ ಮೇಲೆ ಎರಡು ಲೋಟ ಕುಡಿಯಿರಿ. ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕು. ಹೃದಯದ ವೈಫಲ್ಯ, ಕಿಡ್ನಿ ತೊಂದರೆ ಇದ್ದು ನೀರಿಗೆ ಮಿತಿ ಹಾಕಿಸಿಕೊಂಡವರು ಈ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ನಮ್ಮ ಹೆಂಗಸರು ಹೊರಡುವ ಮುನ್ನ ನೀರು ಕುಡಿಯುವುದೇ ಇಲ್ಲ. ಅರಿವಿಲ್ಲದೆ ಅಲ್ಲ. ಪಾರ್ಕಿನಲ್ಲಿ ಶೌಚಾಲಯವಿಲ್ಲ, ಇದ್ದರೆ ಬೀಗ, ಬೀಗವಿಲ್ಲದಿದ್ದರೆ ಒಳಗೆ ಕಾಲಿಡುವಂತಿಲ್ಲ. ವಾಕಿಂಗ್ ಪಥಕ್ಕೆ ಬಣ್ಣದ ಹಾಸುಗಲ್ಲು ಹಾಕುವ, ಓಪನ್ ಜಿಮ್ ಎಂದು ಕಬ್ಬಿಣದ ಯಂತ್ರ ನೆಡುವ ಸ್ಥಳೀಯ ಸಂಸ್ಥೆಗಳಿಗೆ ನೀರು ಬರುವ ಒಂದು ಶೌಚಾಲಯ ಮಾತ್ರ ಹೊಳೆಯುವುದಿಲ್ಲ. ಹೀಗಿರುವಾಗ ‘ನೀರು ಜಾಸ್ತಿ ಕುಡೀರಿ ಅಮ್ಮಾ’ ಎಂಬ ಸಲಹೆ ಅರ್ಧ ಸಲಹೆ. ಸೋಂಕು ಗುಣವಾಗುವವರೆಗೆ ಮನೆ ಸುತ್ತಮುತ್ತಲೇ, ತಾರಸಿಯ ಮೇಲೆ ನಡೆಯಿರಿ ಎಂದು ಹೇಳುವುದು ಈ ಕಾರಣಕ್ಕೆ.

ಸೈಕಲ್ಲಿನ ಬಗ್ಗೆ ಎರಡು ಮಾತು. ಮೈಭಾರವೆಲ್ಲ ಸೀಟಿನ ಮೇಲೆ, ಅಂದರೆ ನೋಯುತ್ತಿರುವ ಜಾಗದ ಮೇಲೇ ಬೀಳುತ್ತದೆ. ಹಲವು ದೇಶಗಳ ಮಹಿಳೆಯರನ್ನು ಒಳಗೊಂಡ, 2018ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಈಜುವ, ಓಡುವ ಮಹಿಳೆಯರಿಗಿಂತ ಸೈಕಲ್ ತುಳಿಯುವವರು ಮೂತ್ರದ ಸೋಂಕಾಗಿದ್ದನ್ನು ಹೆಚ್ಚಾಗಿ ಹೇಳಿಕೊಂಡಿದ್ದರು. ಉರಿ ಪೂರ್ತಿ ಹೋಗುವವರೆಗೆ ಸೈಕಲ್ ಬೇಡ, ಜಿಮ್ಮಿನ ನಿಂತ ಸೈಕಲ್ಲೂ ಬೇಡ. ಈಜಿಗೆ ಅಂಥ ನಿಷೇಧವಿಲ್ಲ. ಕ್ಲೋರಿನ್ ನೀರು ಉರಿಯನ್ನು ಕೆರಳಿಸುವುದರಿಂದ ಎರಡು ದಿನ ತಡೆಯುವುದು ಸುಖ.

ಯೋಗ ಮಾಡುವವರು ಪ್ರಾಣಾಯಾಮ, ಶವಾಸನ, ಬದ್ಧಕೋನಾಸನ ಮುಂದುವರಿಸಬಹುದು. ಬಿಡಬೇಕಾದದ್ದು ಕಪಾಲಭಾತಿ, ನೌಲಿ, ಜೊತೆಗೆ ಶ್ರೋಣಿಯ ತಳವನ್ನು ಬಿಗಿಹಿಡಿಯುವ ಮೂಲಬಂಧ. ಮೈಸೂರಿನ ಅಷ್ಟಾಂಗ ಪದ್ಧತಿಯಲ್ಲಿ ಮೂಲಬಂಧಕ್ಕೆ ದೊಡ್ಡ ಸ್ಥಾನವಿದೆ, ಫಿಸಿಯೋಥೆರಪಿಯವರು ಹೇಳಿಕೊಡುವ ಕೀಗಲ್ ವ್ಯಾಯಾಮವೂ ಅದರ ಹತ್ತಿರದ ನೆಂಟ. ಬೇರೆ ದಿನಗಳಲ್ಲಿ ಎರಡೂ ಒಳ್ಳೆಯವು. ಸೋಂಕಿನ ಹೊತ್ತಿಗೆ ಶ್ರೋಣಿಯ ತಳದ ಸ್ನಾಯುಗಳು ನೋವಿಗೆ ತಾವೇ ಬಿಗಿದುಕೊಂಡಿರುತ್ತವೆ. ಬಿಗಿದದ್ದನ್ನು ಮತ್ತಷ್ಟು ಬಿಗಿದರೆ ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ, ಸೋಂಕು ಹೋದ ಮೇಲೂ ನೋವು ಉಳಿಯಬಹುದು. ಆಗ ಬೇಕಾದದ್ದು ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು ಆ ಭಾಗವನ್ನು ಸಡಿಲ ಬಿಡುವ ಅಭ್ಯಾಸ.

ಮೈಕೈ ನೋವಿದೆಯೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗಿ ಓಡಲು ಹೋಗುವವರು ಮಾತ್ರ ಖಂಡಿತ ನಿಲ್ಲಬೇಕು. ನೀರು ಕಡಿಮೆಯಾದ ದೇಹದಲ್ಲಿ ಈ ನೋವಿನ ಮಾತ್ರೆಗಳು ಕಿಡ್ನಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ. ಕಿಡ್ನಿಗೇ ಸೋಂಕು ಇದ್ದಾಗ ಇದು ಗಾಯದ ಮೇಲೆ ಬರೆ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಮೂತ್ರಕ್ಕೆ ಟ್ಯೂಬ್ ಹಾಕಿಸಿಕೊಂಡವರು, ಯಾವ ವಯಸ್ಸಿನ ಗಂಡಸರೇ ಆಗಲಿ, ಮೇಲಿನ ಯಾವ ರಿಯಾಯಿತಿಯನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಗಂಡಸರಲ್ಲಿ ಉರಿಮೂತ್ರದ ಹಿಂದೆ ಪ್ರಾಸ್ಟೇಟ್ ಗ್ರಂಥಿ ಇರುವುದು ಸಾಮಾನ್ಯ, ಚಿಕಿತ್ಸೆ ದೀರ್ಘ.

ಕೊನೆಗೆ ಪರೀಕ್ಷೆಯ ವಿಷಯ. ಗುಣವಾಗಿದೆಯೇ ನೋಡೋಣ ಎಂದು ಬೆಳಗ್ಗೆ ಹತ್ತು ಕಿಲೋಮೀಟರ್ ಓಡಿ, ಅಲ್ಲಿಂದ ನೇರ ಲ್ಯಾಬಿಗೆ ಹೋಗಿ ಮೂತ್ರ ಕೊಟ್ಟು ಬರುವವರಿದ್ದಾರೆ. ವರದಿಯಲ್ಲಿ ಕೆಂಪು ರಕ್ತಕಣ, ಪ್ರೋಟೀನ್ ಕಾಣುತ್ತದೆ. ಇನ್ನೊಂದು ಕೋರ್ಸ್ ಆ್ಯಂಟಿಬಯೋಟಿಕ್ ಬರೆಸಿಕೊಳ್ಳುತ್ತಾರೆ. ಬಿರುಸಿನ ಓಟದ ನಂತರ ಸೋಂಕಿಲ್ಲದವರ ಮೂತ್ರದಲ್ಲೂ ಇವೆರಡೂ ಬರುತ್ತವೆ. ದೂರ ಓಡುವವರಲ್ಲಿ ಖಾಲಿ ಮೂತ್ರಚೀಲದ ಹಿಂಗೋಡೆ ತಳಕ್ಕೆ ಬಡಿದು ಬಡಿದು ಕಂದುತ್ತದೆ ಎಂಬುದನ್ನು ಬ್ರಿಟನ್ನಿನ ಶಸ್ತ್ರವೈದ್ಯ ಬ್ಲ್ಯಾಕ್‌ಲಾಕ್ 1977ರಲ್ಲಿ ಓಟಗಾರರ ಮೂತ್ರಚೀಲದೊಳಗೆ ದರ್ಶಕ ಹಾಕಿ ನೋಡಿಯೇ ಬರೆದರು. ಪರೀಕ್ಷೆಗೆ ಮುಂಚೆ ಎರಡು ಮೂರು ದಿನ ಓಟ, ಜಿಮ್ ಬಿಟ್ಟು ಮಾದರಿ ಕೊಡಿ. ಓಟದ ರಕ್ತವಾಗಿದ್ದರೆ ಅಷ್ಟರಲ್ಲಿ ಮಾಯವಾಗಿರುತ್ತದೆ. ಆಗಲೂ ಕಾಣಿಸಿದರೆ, ಅದರಲ್ಲೂ ನಲವತ್ತು ದಾಟಿದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ, ಓಟದ ಮೇಲೂ ಹಳೆಯ ಸೋಂಕಿನ ಮೇಲೂ ತಪ್ಪು ಹೊರಿಸದೆ ಮೂತ್ರರೋಗ ತಜ್ಞರನ್ನು ಕಂಡು ಸ್ಕ್ಯಾನ್ ಮಾಡಿಸಬೇಕು.